ಬ್ಯಾಲೆಟ್ ಬಿಡಿ, ಸಾಲಿನಲ್ಲಿ ನಿಂತವ ಯಾರು?

ಸ್ಥಳೀಯ ಚುನಾವಣೆಗೆ ಮತಯಂತ್ರದ ಬದಲು ಬ್ಯಾಲೆಟ್ ಪೇಪರ್ ಬಂದರೆ ಮೋಸ ನಿಲ್ಲುತ್ತದಲ್ಲವಾ, ಗಡಿಯವರು ಏನನ್ನುತ್ತೀರಿ ಅಂತ ಕೇಳಿದ್ದೀರಿ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಮಾಡಿದ ಆ ಶಿಫಾರಸು ಗಡಿಯ ತಲಪಾಡಿಯಿಂದ ಆಚೆಗೆ. ನಾವು ಮಂಜೇಶ್ವರದವರು, ನಮ್ಮ ಓಟು ಕೇರಳಕ್ಕೆ. ಅಭ್ಯರ್ಥಿಯ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಇರುತ್ತದೆ, ಆ ಚಿಂತೆ ಬೇಡ. ಆದರೆ ನಮ್ಮಲ್ಲಿ ತಕರಾರು ಹುಟ್ಟುವುದು ಬಟನ್ ಒತ್ತಿದ ಮೇಲಲ್ಲ ಮಾರಾಯ್ರೆ, ಸಾಲಿನಲ್ಲಿ ನಿಂತವ ಯಾರು ಎಂಬಲ್ಲಿ.

ಇಲ್ಲಿ ಗಲ್ಫಿಗೆ ಹೋದವರಿಲ್ಲದ ಬೀದಿಯೇ ಇಲ್ಲ. ಪರದೇಶದಲ್ಲಿರುವವ ಓಟು ಹಾಕಬೇಕಾದರೆ ಊರಿಗೇ ಬರಬೇಕು. ಹಾಗಾಗಿ ಬೂತಿನೊಳಗೆ ಅಭ್ಯರ್ಥಿಯ ಪರವಾಗಿ ಕೂರುವ ಏಜೆಂಟರ ಪಟ್ಟಿಯಲ್ಲಿ ಸತ್ತವರ, ಊರು ಬಿಟ್ಟವರ, ದುಬೈಯಲ್ಲಿರುವವರ ಹೆಸರಿನ ಪಕ್ಕ ಪೆನ್ಸಿಲ್ ಗುರುತು ಬಿದ್ದಿರುತ್ತದೆ. ಗುರುತಿರುವ ಹೆಸರು ಹೇಳಿಕೊಂಡು ಯಾರಾದರೂ ಬಂದರೆ ಇವನು ಆ ಮತದಾರನಲ್ಲ ಅಂತ ಏಜೆಂಟ್ 2 ರೂಪಾಯಿ ಕಟ್ಟಿ ಚಾಲೆಂಜ್ ಮಾಡಬಹುದು. ಹೌದು, ಈಗಲೂ ಎರಡೇ ರೂಪಾಯಿ. ಆದರೆ ನಾಳೆ ಬಸ್ಸಿನಲ್ಲಿ ಎದುರು ಸಿಗುವವನ ಮೇಲೆ ಬೆರಳು ತೋರಿಸಲು ಎರಡು ರೂಪಾಯಿ ಸಾಕಾಗುವುದಿಲ್ಲ!

2016ರ ವಿಧಾನಸಭೆ ಚುನಾವಣೆಯಲ್ಲಿ ಇಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು ಬರೀ 89 ಓಟಿನಲ್ಲಿ. ಸೋತ ಬಿಜೆಪಿಯ ಕೆ. ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರ, ಪರದೇಶದಲ್ಲಿದ್ದವರ ಹೆಸರಿನಲ್ಲಿ ಓಟು ಬಿದ್ದಿದೆ ಎಂಬುದು ಅವರ ದೂರು. ಒಬ್ಬೊಬ್ಬ ಮತದಾರ ಆ ದಿನ ಎಲ್ಲಿದ್ದ ಅಂತ ಸಾಬೀತು ಮಾಡುವಷ್ಟರಲ್ಲಿ ವರ್ಷಗಳೇ ಉರುಳಿದವು. 2018ರಲ್ಲಿ ಶಾಸಕರೇ ತೀರಿಕೊಂಡರು, ಮರುವರ್ಷ ಅರ್ಜಿ ವಾಪಸಾಯಿತು. ದೂರು ನಿಜವೋ ಸುಳ್ಳೋ, ಇತ್ಯರ್ಥವೇ ಆಗಲಿಲ್ಲ.

2019ರ ಲೋಕಸಭೆ ಚುನಾವಣೆಯ ಕಥೆ ಬೇರೆ. ನಮ್ಮದೇ ಕಾಸರಗೋಡು ಕ್ಷೇತ್ರಕ್ಕೆ ಸೇರಿದ ಪಿಲಾತ್ತರದ ಬೂತಿನಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ, ಅಂದರೆ ಬೂತಿನ ದೃಶ್ಯವನ್ನು ಅಧಿಕಾರಿಗಳಿಗೆ ನೇರ ಕಳಿಸುವ ಕ್ಯಾಮೆರಾ ಇತ್ತು. ಕಳ್ಳ ಓಟು ಹಾಕುವ ದೃಶ್ಯ ಕೆಲವೇ ದಿನಗಳಲ್ಲಿ ಟಿವಿಗೆ ಬಂತು. ಮೊದಲು ಸಿಕ್ಕಿಬಿದ್ದದ್ದು ಎಡಪಕ್ಷದವರು, ಬೆನ್ನಿಗೇ ಲೀಗಿನವರ ದೃಶ್ಯವೂ ಹೊರಬಿತ್ತು. ಕಳ್ಳ ಓಟು ನಡೆದದ್ದು ನಿಜವೆಂದು ಕೇರಳದ ಆಗಿನ ಮುಖ್ಯ ಚುನಾವಣಾಧಿಕಾರಿ ಟೀಕಾರಾಮ್ ಮೀನಾ ಅವರೇ ಒಪ್ಪಿದರು. ಕಾಸರಗೋಡು, ಕಣ್ಣೂರು ಎರಡೂ ಕ್ಷೇತ್ರ ಸೇರಿ 7 ಬೂತುಗಳಲ್ಲಿ ಮೇ 19ಕ್ಕೆ ಮರುಮತದಾನ ಆಯಿತು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿದರೂ ತೀರ್ಮಾನವಾಗದ ವಿಷಯ, ಕ್ಯಾಮೆರಾ ಇದ್ದ ಕಾರಣ ಒಂದೇ ತಿಂಗಳಲ್ಲಿ ಮುಗಿಯಿತು.

ಈಗ ಆ ದೃಶ್ಯ ನೋಡುವುದಕ್ಕೇ ಬಾಗಿಲು ಹಾಕಿದ್ದಾರೆ. ಮೊದಲು, ಮುಚ್ಚಿಡುವ ಕೆಲವನ್ನು ಬಿಟ್ಟು ಚುನಾವಣೆಯ ಉಳಿದ ಕಾಗದಪತ್ರಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ನಿಯಮದಲ್ಲಿ ಹೆಸರಿಸಿದ ಕಾಗದ ಮಾತ್ರ ಅಂತ ಮಾಡಿತು. ಸಿಸಿಟಿವಿ, ವೆಬ್‌ಕಾಸ್ಟಿಂಗ್ ದೃಶ್ಯ ಹೊರಗುಳಿಯಿತು. 2025ರ ಮೇಯಲ್ಲಿ ಚುನಾವಣಾ ಆಯೋಗ ಇನ್ನೊಂದು ಸೂಚನೆ ಕೊಟ್ಟಿತು: ಗೆಲುವನ್ನು ಪ್ರಶ್ನಿಸಿ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಇಲ್ಲದಿದ್ದರೆ ಫಲಿತಾಂಶ ಬಂದು 45 ದಿನಕ್ಕೆ ದೃಶ್ಯ ಅಳಿಸಬಹುದು. ಅರ್ಜಿ ಹಾಕಲು ಕಾನೂನು ಕೊಡುವುದೂ 45 ದಿನವೇ. ದೃಶ್ಯ ನೋಡದೆ ಅರ್ಜಿಯಲ್ಲಿ ಏನು ಬರೆಯುವುದು? ಅರ್ಜಿ ಹಾಕದಿದ್ದರೆ ದೃಶ್ಯ ಉಳಿಯುವುದು ಹೇಗೆ?

ದೃಶ್ಯ ತೋರಿಸದಿರಲು ಕಾರಣ ಮತದಾರರ, ಅದರಲ್ಲೂ ಹೆಂಗಸರ ಖಾಸಗಿತನ ಎಂದು ಆಯೋಗ ಹೇಳುತ್ತದೆ. ಎಲ್ಲರ ಮೊಬೈಲಿಗೂ ಕಳಿಸಿ ಅಂತ ಯಾರೂ ಕೇಳುತ್ತಿಲ್ಲ. ಅಭ್ಯರ್ಥಿಯೋ ಅವನ ಏಜೆಂಟೋ ಕಚೇರಿಯಲ್ಲಿ ಕೂತು, ಪಟ್ಟಿ ಹಿಡಿದು ನೋಡಲಿ. ಬೂತಿನ ಒಳಗೆ ಇಡೀ ದಿನ ಕೂತು ಅವೇ ಮುಖ ನೋಡಿದವನಿಗೆ ಮತ್ತೊಮ್ಮೆ ತೋರಿಸಿದರೆ ಯಾರ ಮಾನ ಹೋಗುತ್ತದೆ?

ನಿಮ್ಮಲ್ಲಿ ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಕಾನೂನು ಮಾಡುವುದು ನಿಮ್ಮ ವಿಧಾನಸಭೆ. ಬ್ಯಾಲೆಟ್ ಬೇಕು ಅಂತ ಶಾಸಕರಿಗೆ ಬರೆಯುವುದಾದರೆ ಬರೆಯಿರಿ. ಅದೇ ಕಾಗದದಲ್ಲಿ ಬೂತಿಗೆ ಕ್ಯಾಮೆರಾ ಇಡುತ್ತೀರಾ, ದೃಶ್ಯ ಎಷ್ಟು ದಿನ ಉಳಿಸುತ್ತೀರಿ, ಯಾರಿಗೆ ತೋರಿಸುತ್ತೀರಿ ಅಂತಲೂ ಕೇಳಿ.