ಕಾರಿನ ಮಾತು ಆಮೇಲೆ, ಮನೆ ಎಲ್ಲಿ ಹೇಳಿ

ಪ್ರಶ್ನೆ: ಅಕ್ಕಾ, ದಾವಣಗೆರೆಯಿಂದ ಬೆಂಗಳೂರಿಗೆ ಸಂಸಾರ ಸಮೇತ ಬರುತ್ತಿದ್ದೇನೆ. ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಹೆಂಡತಿಗೆ ಬಸವನಗುಡಿಯ ಶಾಲೆಯೊಂದರಲ್ಲಿ. ಜೊತೆಗೆ ಮಂಡಿನೋವಿನ ಅಮ್ಮ, ನಾಲ್ಕು ವರ್ಷದ ಮಗಳು. ಇಲ್ಲಿ ಒಂದು ಸ್ಕೂಟರಿನಲ್ಲೇ ಎಲ್ಲವೂ ನಡೆಯುತ್ತಿತ್ತು. ಕಾರಿಲ್ಲದೆ ಬೆಂಗಳೂರಿಗೆ ಹೋದರೆ ಕೆಟ್ಟೆ ಎಂದು ಭಾವ ಹೆದರಿಸಿದ್ದಾರೆ. ಏಳು ವರ್ಷದ ಸಾಲಕ್ಕೆ ಸಹಿ ಹಾಕುವ ಮೊದಲು ನಿಮ್ಮನ್ನೊಂದು ಮಾತು ಕೇಳೋಣ ಎನ್ನಿಸಿತು.
— ಓದುಗ, ದಾವಣಗೆರೆ

ಉತ್ತರ: ಸದ್ಯಕ್ಕಂತೂ ಸಹಿ ಹಾಕಬೇಡಿ. ಇಷ್ಟೆಲ್ಲ ಬರೆದವರು ಮನೆ ಎಲ್ಲಿ ಹಿಡಿಯುತ್ತೀರೆಂದು ಬರೆದೇ ಇಲ್ಲ. ಕಾರು ಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿದೆ.

ನಾನು ಬನಶಂಕರಿ ಎರಡನೇ ಹಂತದಲ್ಲಿದ್ದೇನೆ. ಒಂದು ಕಾಲಕ್ಕೆ ನಮ್ಮ ಮನೆಯಲ್ಲೂ ಕಾರಿತ್ತು. ಗೇಟಿನ ಹೊರಗೆ ಹೊಂಗೆ ಮರದಡಿ ನಿಂತಿರುತ್ತಿತ್ತು. ತಿಂಗಳಿಗೆ ಎರಡು ಸಲ ಹೊರಟರೆ ಹೆಚ್ಚು. ಹೊರಡುವ ದಿನವೇ ಬ್ಯಾಟರಿ ಕೈಕೊಡುತ್ತಿತ್ತು. ಒಂದು ವರ್ಷ ಬೆಕ್ಕು ಅದರ ಕೆಳಗೆ ಮರಿ ಹಾಕಿತು. ಮರಿಗಳು ದೊಡ್ಡವಾಗಿ ತಾವಾಗಿಯೇ ಹೋಗುವವರೆಗೆ ಕಾರು ತೆಗೆಯಲಿಲ್ಲ, ಅದರಿಂದ ನಮ್ಮ ಯಾವ ಕೆಲಸವೂ ನಿಲ್ಲಲಿಲ್ಲ. ಮುಂದಿನ ತಿಂಗಳೇ ಮಾರಿಬಿಟ್ಟೆವು. ಬಾನೆಟ್ಟಿನ ಮೇಲೆ ಒಂದು ಅಂಗುಲ ಹೊಂಗೆ ಹೂವಿತ್ತು; ಕೊಂಡವರು ಅದನ್ನು ಗುಡಿಸಿಕೊಂಡೇ ಹೋದರು.

ನಿಮ್ಮ ಇಬ್ಬರ ದಾರಿ ನೋಡಿದರೆ ನೀವು ಅದೃಷ್ಟವಂತರು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ರೈಲಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು ಎಂದು ಎಲ್ಲರೂ ನಕ್ಕಿದ್ದರು. ಆಮೇಲೆ ರೈಲುಗಳು ಹೆಚ್ಚಾಗಿ ಕಾಯುವುದು ಕಡಿಮೆಯಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಬ್ರೇಕ್ ತುಳಿದು ಹೈರಾಣಾದವರಿಗೆ ಅದರ ನೆತ್ತಿಯ ಮೇಲೆ ಕುಳಿತು ಹೋಗುವ ಸುಖ ಎಂಥದ್ದೆಂದು ಗೊತ್ತು. ಮೆಟ್ರೊದ ಹಸಿರು ಮಾರ್ಗದಲ್ಲಿ ಬನಶಂಕರಿ, ಜಯನಗರ, ಸೌತ್ ಎಂಡ್ ಸರ್ಕಲ್ ಇವುಗಳಲ್ಲಿ ಯಾವುದಾದರೊಂದು ನಿಲ್ದಾಣದ ಬಳಿ ಮನೆ ಹಿಡಿಯಿರಿ. ನೀವು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸುತ್ತೀರಿ, ನಿಮ್ಮ ಹೆಂಡತಿ ನೇರವಾಗಿ ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯುತ್ತಾರೆ.

ಇಲ್ಲಿ ಬಾಡಿಗೆ ಹೆಚ್ಚು. ಬ್ರೋಕರ್ ಖಂಡಿತ ಕನಕಪುರ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗಡೆ, ಮೆಟ್ರೊದಿಂದ ದೂರದಲ್ಲಿ, ದೊಡ್ಡ ಮನೆಯೊಂದನ್ನು ತೋರಿಸಿ, ಐದಾರು ಸಾವಿರ ಉಳಿಯುತ್ತದೆ ಎನ್ನುತ್ತಾನೆ. ಆ ಉಳಿಕೆಗೆ ಮೂರು ಕಾಸಿನ ಬೆಲೆಯಿಲ್ಲ. ಆ ಮನೆಗೆ ಹೋದರೆ ನಿಮ್ಮ ಭಾವನ ಮಾತೇ ನಿಜವಾಗುತ್ತದೆ, ಕಾರು ಕೊಳ್ಳಲೇಬೇಕು. ಮೆಟ್ರೊ ಇನ್ನೂ ಬಾರದ ಸರ್ಜಾಪುರ ರಸ್ತೆಯ ಕಡೆಯ ನನ್ನ ತಂಗಿಗೆ ನಾನು ಈ ಉಪದೇಶ ಮಾಡಲು ಹೋಗುವುದಿಲ್ಲ, ಮಾಡಿದರೆ ಬೈಸಿಕೊಳ್ಳುತ್ತೇನೆ.

ಖರ್ಚಿನ ವಿಷಯ ಬಚ್ಚಿಡುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ನನಗೂ ಸಿಟ್ಟು ಬಂತು. ಇಬ್ಬರು ಒಟ್ಟಿಗೆ ಹೋಗುವುದಾದರೆ ಈಗ ಆಟೊದ ಲೆಕ್ಕವನ್ನೂ ಹಾಕಿ ನೋಡುತ್ತೇನೆ. ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ಒಂದಿಷ್ಟು ರಿಯಾಯಿತಿ ಸಿಗುತ್ತದೆ. ನಿಮ್ಮ ಮನೆಯ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಪ್ರಯಾಣ ಉಚಿತ. ಹಣ ಕೊಡಬೇಕಿಲ್ಲವೆಂದು ಸುಮ್ಮನೆ ಕೂರಬಾರದು, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಹವಾನಿಯಂತ್ರಿತ ‘ವಜ್ರ’ ಬಸ್ಸಿಗೆ ಆ ಸೌಲಭ್ಯ ಇಲ್ಲ.

ಆದರೆ ಅಮ್ಮನವರಿಗೆ ಪುಕ್ಕಟೆ ಬಸ್ಸಿಗಿಂತ ದುಡ್ಡಿನ ಬಸ್ಸೇ ವಾಸಿ. ಹಳೆಯ ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನವರೆಗೆ ಬರುತ್ತದೆ, ಡ್ರೈವರ್ ಬಸ್ಸನ್ನು ಪಾದಚಾರಿ ಹಾದಿಗೆ ಒತ್ತಿ ನಿಲ್ಲಿಸುವುದು ಅಪರೂಪ. ಕಳೆದ ಮಳೆಗಾಲದಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸೊಪ್ಪಿನ ಚೀಲ ಹಿಡಿದು ಆ ಮೆಟ್ಟಿಲು ಹತ್ತಲಾಗದೆ ನಿಂತಾಗ ಕಂಡಕ್ಟರ್ ಹುಡುಗಿ ಮೊದಲು ಚೀಲವನ್ನು, ಆಮೇಲೆ ನನ್ನನ್ನು ಮೇಲಕ್ಕೆಳೆದುಕೊಂಡಳು. ವಜ್ರದ ನೆಲ ತಗ್ಗಿನಲ್ಲಿದೆ, ಮಂಡಿಗೆ ಹಿತ. ಮೆಟ್ರೊದಲ್ಲಿ ಲಿಫ್ಟ್ ಇದೆ, ಆದರೆ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ. ಯಾವ ದ್ವಾರದಲ್ಲಿದೆ, ಅದಕ್ಕಾಗಿ ರಸ್ತೆ ದಾಟಬೇಕೇ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ.

ಆಸ್ಪತ್ರೆ, ಮದುವೆ, ಅಪರಾತ್ರಿ ಇವು ಮೂರಕ್ಕೆ ಆಟೊ ಅಥವಾ ಟ್ಯಾಕ್ಸಿ ಎಂದು ಈಗಲೇ ಒಪ್ಪಿಕೊಂಡುಬಿಡಿ. ಒಮ್ಮೆ ಊರಾಚೆಯ ಕಲ್ಯಾಣ ಮಂಟಪದ ಮುಂದೆ ರೇಷ್ಮೆ ಸೀರೆ ಉಟ್ಟು ಮುಕ್ಕಾಲು ಗಂಟೆ ಬಸ್ಸು ಕಾದು, ಕೊನೆಗೆ ಮೀಟರಿನ ಮೂರರಷ್ಟು ಕೊಟ್ಟು ಬಂದವಳು ನಾನು. ಈಗ ಹಟ ಮಾಡುವುದಿಲ್ಲ. 2025ರ ಆಗಸ್ಟ್‌ನಿಂದ ಆಟೊಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ನಂತರ ಒಂದೂವರೆಪಟ್ಟು. ಎಲ್ಲರೂ ಮೀಟರ್ ಹಾಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ಡೈರಿಯ ಪ್ರಕಾರ ಹೋದ ತಿಂಗಳು ಆಟೊ, ಟ್ಯಾಕ್ಸಿ ಸೇರಿ 1,840 ರೂಪಾಯಿ ಆಯಿತು. ಕಾರಿದ್ದಾಗ ವಿಮೆ, ಸರ್ವಿಸ್ ಎಂದು ನಿಂತಲ್ಲೇ ಅದಕ್ಕಿಂತ ಹೆಚ್ಚು ತಿನ್ನುತ್ತಿತ್ತು.

ಸ್ಕೂಟರನ್ನು ಮಾತ್ರ ಮಾರಬೇಡಿ, ಲಾರಿಗೆ ಹಾಕಿ ತನ್ನಿ. ಮಗಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಅದೇ ಗತಿ.

ಮನೆ ನೋಡಲು ಬಂದಾಗ ಬ್ರೋಕರನ ಬೈಕ್ ಹತ್ತಬೇಡಿ. ಅವನ ಬೈಕಿನಲ್ಲಿ ಎಲ್ಲವೂ ಐದೇ ನಿಮಿಷದ ದಾರಿ. ಮೆಟ್ರೊ ನಿಲ್ದಾಣದಲ್ಲಿ ಇಳಿದು ಅಮ್ಮನವರ ಜೊತೆ ಆ ಮನೆಯ ಬಾಗಿಲವರೆಗೆ ನಡೆಯಿರಿ. ಚರಂಡಿಯ ಕಲ್ಲುಚಪ್ಪಡಿ ಎಲ್ಲಿ ಎದ್ದಿದೆ, ಟ್ರಾನ್ಸ್‌ಫಾರ್ಮರ್ ಎಲ್ಲಿ ದಾರಿಗೆ ಅಡ್ಡ ನಿಂತಿದೆ ಎಂಬುದನ್ನು ಅವರ ಮಂಡಿಯೇ ಹೇಳುತ್ತದೆ. ರಾತ್ರಿ ಒಂಬತ್ತಕ್ಕೆ ಹೆಂಡತಿಯೊಂದಿಗೆ ಇನ್ನೊಂದು ಸಲ ಅದೇ ದಾರಿ ನಡೆದು, ದೀಪಗಳು ಉರಿಯುತ್ತಿವೆಯೇ ನೋಡಿಕೊಂಡು, ಆಮೇಲೆ ಅಡ್ವಾನ್ಸ್ ಕೊಡಿ.