ಮಗಳ ಹೆಸರನ್ನು ನಾನೇ ತಪ್ಪಾಗಿ ಕರೆದರೆ?

ಪ್ರಶ್ನೆ: ನಾನು ಹಾಸನದವಳು. ಮದುವೆಯಾದ ಮೇಲೆ ವೇಲ್ಸಿನ ಕಾರ್ಮಾರ್ಥೆನ್ ಹತ್ತಿರ ಗಂಡನ ಮನೆಯಲ್ಲಿದ್ದೇನೆ. ಅವರ ಮನೆಮಾತು ವೆಲ್ಷ್. ನನಗೀಗ ಏಳು ತಿಂಗಳು. ಹೆಣ್ಣುಮಗುವೆಂದು ಇಲ್ಲಿಯ ಆಸ್ಪತ್ರೆಯಲ್ಲಿ ತಿಳಿಸಿದ್ದಾರೆ. ತಮ್ಮ ಅಜ್ಜಿಯ ಹೆಸರಾದ ಗ್ವೆನ್‌ಲ್ಹಿಯನ್ ಎಂದೇ ಮಗುವಿಗೆ ಇಡಬೇಕೆಂಬುದು ಅತ್ತೆಯ ಆಸೆ. ನನ್ನ ಅಮ್ಮನ ಬಾಯಲ್ಲಿ ಅದು ‘ಗ್ವೆನ್‌ಕ್ಲಿಯನ್’ ಆಗುತ್ತದೆ, ನನಗೂ ಸರಿಯಾಗಿ ಬರುವುದಿಲ್ಲ. ಒಮ್ಮೆ ನಾನು ಹೇಳಿದಾಗ ಊಟಕ್ಕೆ ಕುಳಿತವರೆಲ್ಲ ನಕ್ಕರು. ಎಲ್ಲರಿಗೂ ಸುಲಭವಾಗಲಿ, ಲಿಲಿ ಎಂದಿಡೋಣ ಎಂದೆ. ಅತ್ತೆಯ ಮುಖ ಬಾಡಿತು. ಹೆತ್ತ ಮಗಳ ಹೆಸರನ್ನು ತಪ್ಪಾಗಿ ಕರೆಯುವ ತಾಯಿ ನಾನಾಗಬೇಕೆ?

ಉತ್ತರ: ಪ್ರಿಯ ಸಹೋದರಿ, ಅತ್ತೆ ಮತ್ತು ಅಮ್ಮನ ನಡುವೆ ನೀವು ಸಿಲುಕಿದಂತೆ ಕಂಡರೂ, ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಪತ್ರದ ಕೊನೆಯ ಸಾಲು. ಊಟದ ಹೊತ್ತಿನ ಆ ನಗು ನಿಮಗೆ ನಾಟಿದೆ. ಅದನ್ನು ಮೊದಲು ನಿಮ್ಮ ಗಂಡನಿಗೆ ಹೇಳಿ. ಹೆಸರಿನ ಮಾತು ಆಮೇಲೆ. ನಕ್ಕವರಿಗೆ ನಿಮ್ಮ ನೋವು ಗೊತ್ತಾಗಿರಲಿಕ್ಕಿಲ್ಲ. ಅವರಿಗೆ ಅದನ್ನು ತಿಳಿಸಬೇಕಾದವರು ಆ ಮನೆಯ ಮಗ, ಬಸುರಿಯಾದ ನೀವಲ್ಲ.

ಲಿಲಿ ಎಂದಾಗ ಅತ್ತೆಯ ಮುಖ ಏಕೆ ಬಾಡಿತೆಂಬುದನ್ನು ಹಟವೆಂದು ತಿಳಿಯಬೇಡಿ. 19ನೆಯ ಶತಮಾನದಲ್ಲಿ ಅಲ್ಲಿಯ ಹಲವು ಶಾಲೆಗಳಲ್ಲಿ, ವೆಲ್ಷ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕಿ ಶಿಕ್ಷಿಸುತ್ತಿದ್ದರು. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲೆವೆಂದವರು ಶೇ. 17.8 ಮಾತ್ರ. ನೀವಿರುವ ಊರಿನಿಂದ ದೂರವಲ್ಲದ ಕಿಡ್ವೆಲಿಯಲ್ಲಿ 1136ರಲ್ಲಿ, ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರ ವಿರುದ್ಧ ಸೈನ್ಯ ನಡೆಸಿ ಮಡಿದ ರಾಣಿಯ ಹೆಸರೂ ಗ್ವೆನ್‌ಲ್ಹಿಯನ್. ನಮಗೆ ಕಿತ್ತೂರು ಚೆನ್ನಮ್ಮನ ಹೆಸರಿದ್ದಂತೆ ಅವರಿಗೆ ಈ ಹೆಸರು.

ಅದೇ ಹೆಸರಿನ ಇನ್ನೊಬ್ಬಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ವೇಲ್ಸಿನ ರಾಜಕುಮಾರ ಲ್ಹಿವೆಲಿನ್‌ನ ಒಬ್ಬಳೇ ಮಗಳು ಗ್ವೆನ್‌ಲ್ಹಿಯನ್ 1282ರಲ್ಲಿ ಹುಟ್ಟಿದಳು. ಹೆರಿಗೆಯಲ್ಲಿ ತಾಯಿ ತೀರಿಕೊಂಡಳು, ಅದೇ ವರ್ಷದ ಡಿಸೆಂಬರಿನಲ್ಲಿ ತಂದೆ ಕೊಲ್ಲಲ್ಪಟ್ಟ. ಕೂಸನ್ನು ಇಂಗ್ಲೆಂಡಿನ ಸೆಂಪ್ರಿಂಗ್‌ಹ್ಯಾಮ್ ಮಠಕ್ಕೆ ಒಯ್ದರು. 1337ರಲ್ಲಿ ಸಾಯುವವರೆಗೂ ಅವಳು ಅಲ್ಲಿಯೇ ಇದ್ದಳು, ಮತ್ತು ಅವಳ ಭಾಷೆ ಗೊತ್ತಿಲ್ಲದವರ ನಡುವೆ ಅವಳ ಹೆಸರು ‘ವೆನ್ಸಿಲಿಯನ್’ ಎಂಬಂಥ ರೂಪಕ್ಕೆ ತಿರುಗಿತು. 2009ರಲ್ಲಿ ವೇಲ್ಸಿನ ಎರಾರಿ (ಸ್ನೋಡೋನಿಯಾ) ಪರ್ವತಪ್ರದೇಶದ ಒಂದು ಶಿಖರಕ್ಕೆ ಅವಳ ಹೆಸರನ್ನಿಟ್ಟರು. ನಿಮ್ಮ ಮಗಳ ಸ್ಥಿತಿ ಅದಲ್ಲ. ಅವಳ ಹೆಸರನ್ನು ಸರಿಯಾಗಿ ಕರೆಯುವವರು ಮನೆತುಂಬ ಇರುತ್ತಾರೆ, ಕಲಿತು ಕರೆಯುವ ತಾಯಿಯೂ ಇರುತ್ತಾಳೆ.

ಕಲಿಯುವುದು ನೀವು ಭಯಪಟ್ಟಷ್ಟು ಕಷ್ಟವಲ್ಲ. ನಾನು ‘ಲ್ಹ’ ಎಂದು ಬರೆದದ್ದು ಒಂದು ಗುರುತು ಅಷ್ಟೆ, ಆ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ. ಕನ್ನಡಿಯ ಮುಂದೆ ಕುಳಿತು ‘ಲ’ ಎನ್ನಲು ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಒತ್ತಿ, ಅಲ್ಲಿಯೇ ನಿಲ್ಲಿಸಿ, ಗಂಟಲಿನ ನಾದವನ್ನು ಪೂರ್ತಿ ನಿಲ್ಲಿಸಿಕೊಂಡು ಉಸಿರನ್ನು ಮಾತ್ರ ಊದಿ. ಬಾಯಿಯ ಪಕ್ಕದಲ್ಲಿ ಅಂಗೈ ಹಿಡಿದರೆ ಕೆನ್ನೆಯ ಬದಿಯಿಂದ ಗಾಳಿ ಹೊರಡುವುದು ತಿಳಿಯುತ್ತದೆ. ‘ಕ್ಲ’ ಎಂದು ಕೇಳಿಸಿದರೆ ನಾಲಿಗೆಯ ಹಿಂಭಾಗ ಮೇಲೆದ್ದಿದೆಯೆಂದರ್ಥ, ಅದನ್ನು ಸಡಿಲಬಿಡಿ. ಆಮೇಲೆ ‘ಗ್ವೆನ್’ ಸೇರಿಸಿ, ಒತ್ತನ್ನು ‘ಲ್ಹೀ’ ಮೇಲೆ ಹಾಕಿ, ಏಕೆಂದರೆ ವೆಲ್ಷ್ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ದಿನಕ್ಕೆ ಐದು ನಿಮಿಷ ಸಾಕು. ಅನೇಕ ಇಂಗ್ಲಿಷರಿಗೆ ಹೊರಳದ, ನಾಲಿಗೆ ಕಂಪಿಸುವ ‘ರ’ ನಿಮಗೆ ಹುಟ್ಟಿನಿಂದ ಬಂದಿದೆ. ಸ್ವರದ ತಲೆಯ ಮೇಲೆ ಅವರು ಹಾಕುವ ಪುಟ್ಟ ಚಾವಣಿಯಂಥ ಗುರುತು ನಮ್ಮ ದೀರ್ಘವೇ. ‘ಶಾನ್’ ಎಂಬ ಹೆಸರಿನ ‘ಶಾ’ದಲ್ಲಿ ಅದನ್ನು ಕಾಣುತ್ತೀರಿ.

ಹಾಸನದಲ್ಲಿರುವ ನಿಮ್ಮ ತಾಯಿಯವರಿಂದ ಇಷ್ಟನ್ನು ನಿರೀಕ್ಷಿಸಬೇಡಿ. ಅವರು ‘ಗ್ವೆನ್’ ಎಂದು ಕರೆಯಲಿ. ಬಿಳಿ, ಪುನೀತ ಎಂಬ ಅರ್ಥವಿರುವ ಅದು ತನ್ನಷ್ಟಕ್ಕೇ ಒಂದು ವೆಲ್ಷ್ ಹೆಸರು, ಮೊಟಕು ಮಾಡಿದ ಮುದ್ದಿನ ಹೆಸರು ಮಾತ್ರವಲ್ಲ. ಜೊತೆಗೆ ಎರಡನೆಯ ಹೆಸರನ್ನು ನಿಮ್ಮ ತಾಯಿಯ ಕಡೆಯಿಂದ ತೆಗೆದುಕೊಳ್ಳಿ, ಸಾಧ್ಯವಾದರೆ ‘ಮಂಗಳಾ’ ಎಂಬಂತೆ ‘ಳ’ಕಾರವಿರುವುದನ್ನು. ನಿಮ್ಮ ಅತ್ತೆಗೆ ‘ಳ’ ಕಲಿಸಲು ಕುಳಿತ ದಿನ, ನಾಲಿಗೆ ಮಡಚುವುದು ಎಷ್ಟು ಕಷ್ಟವೆಂದು ಅವರಿಗೂ ತಿಳಿಯುತ್ತದೆ. ಹೊಸ ಅಕ್ಷರಕ್ಕೆ ತಡವರಿಸುವವರು ಆ ಮನೆಯಲ್ಲಿ ಆಗ ನೀವೊಬ್ಬರೇ ಆಗಿರುವುದಿಲ್ಲ.

ಇಷ್ಟಾದ ಮೇಲೂ ಗ್ವೆನ್‌ಲ್ಹಿಯನ್ ಬೇಡವೆನಿಸಿದರೆ, ಲಿಲಿಯತ್ತ ಹೋಗದೆ ಬೇರೆ ವೆಲ್ಷ್ ಹೆಸರುಗಳನ್ನು ನೋಡಿ. ಆಗ ಕನ್ನಡದ ಕಿವಿಯಿಂದಲೂ ಒಮ್ಮೆ ಕೇಳಿಸಿಕೊಳ್ಳಿ. ಬೇಸಗೆ ಎಂಬರ್ಥದ ‘ಹಾವ್’ ಅಲ್ಲಿ ಇಂಪಾದ ಹೆಸರು, ನಿಮ್ಮ ತಾಯಿಗೆ ಅದು ಹಾವು. ನಕ್ಷತ್ರ ಎಂಬರ್ಥದ ‘ಸೆರೆನ್’ನಲ್ಲಿ ಅವರಿಗೆ ಸೆರೆ ಕೇಳಿಸೀತು. ನನ್ನ ಮನಸ್ಸು ಹೋಗುವುದು ‘ಒಲ್ವೆನ್’ ಕಡೆಗೆ. ಬಿಳಿಯ ಹೆಜ್ಜೆಗುರುತು ಎಂದು ಅದರ ಅರ್ಥ. ಹಳೆಯ ವೆಲ್ಷ್ ಕಥೆಯೊಂದರಲ್ಲಿ ಒಲ್ವೆನ್ ಕಾಲಿಟ್ಟಲ್ಲೆಲ್ಲ ನಾಲ್ಕು ಬಿಳಿಯ ಹೂಗಳು ಅರಳುತ್ತವೆ. ನಮ್ಮ ಹಳಗನ್ನಡದಲ್ಲಿ ಪೇಳ್ವೆನ್ ಎಂದರೆ ಹೇಳುವೆನು, ಒಲ್ವೆನ್ ಎಂದರೆ ಒಲಿಯುವೆನು. ಎರಡು ಭಾಷೆಗಳಿಗೂ ಸಂಬಂಧವಿಲ್ಲ, ಇದು ಕೇವಲ ಆಕಸ್ಮಿಕ. ಆದರೂ ಇಂಥ ಆಕಸ್ಮಿಕ ಕೈಗೆ ಸಿಕ್ಕಾಗ ಬಿಡಲು ನನಗೆ ಮನಸ್ಸಾಗದು.

ಅವಸರವೇನಿಲ್ಲ. ಜನನ ನೋಂದಣಿಗೆ ಅಲ್ಲಿ 42 ದಿನಗಳ ಕಾಲಾವಕಾಶವಿದೆ. ವೇಲ್ಸಿನಲ್ಲೇ ಮಾಡಿಸಿದರೆ ದಾಖಲೆಯನ್ನು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಸಬಹುದು. ಕಾಗುಣಿತವನ್ನು ಒಮ್ಮೆ ನಿರ್ಧರಿಸಿದ ಮೇಲೆ ಪಾಸ್‌ಪೋರ್ಟಿನಲ್ಲೂ ಮುಂದೆ ಭಾರತದ ಕಾಗದಪತ್ರಗಳಲ್ಲೂ ಅದನ್ನೇ ಉಳಿಸಿಕೊಳ್ಳಿ. ಮಗು ಹುಟ್ಟಿದ ವಾರದಲ್ಲೊಂದು ಸಂಜೆ ಇಬ್ಬರು ಅಜ್ಜಿಯರನ್ನೂ ವಿಡಿಯೋ ಕರೆಯಲ್ಲಿ ಕೂರಿಸಿ, ಮಗುವನ್ನು ನಿಮ್ಮ ಮಡಿಲಲ್ಲಿಟ್ಟುಕೊಂಡು, ಆರಿಸಿದ ಎರಡು ಹೆಸರುಗಳಿಂದ ಅವಳನ್ನು ಕರೆಯಲು ಹೇಳಿ. ಎಲ್ಲರಿಗಿಂತ ಮೊದಲು ನೀವು ಕರೆಯಿರಿ.