ಏರ್‌ಪೋರ್ಟ್ ಪಕ್ಕದ ರೂಮು: ಆ ಕಡೆಯೋ, ಈ ಕಡೆಯೋ?

ಪ್ರಶ್ನೆ: ನಮ್ಮ ಮಗ ಸೇನೆಯಲ್ಲಿದ್ದಾನೆ, ಈಗ ಲೇಹ್‌ನಲ್ಲಿ. ಕೈಲ್ ಮುಹೂರ್ತ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಗೆ ನಾನೂ ನಮ್ಮ ಯಜಮಾನರೂ ಅವನನ್ನು ನೋಡಿಕೊಂಡು ಬರೋಣ ಅಂತಿದ್ದೇವೆ. ನನಗೆ 58, ಅವರಿಗೆ 64, ಬಿಪಿ ಇದೆ. ಗೊತ್ತಿಲ್ಲದ ಊರು, ಏರ್‌ಪೋರ್ಟ್ ಪಕ್ಕದಲ್ಲೇ ರೂಮು ಮಾಡಿ ಅಂತ ನೆಂಟರು ಹೇಳುತ್ತಾರೆ. ಆ್ಯಪ್‌ನಲ್ಲಿ 'ಏರ್‌ಪೋರ್ಟ್‌ಗೆ 1 ಕಿ.ಮೀ.' ಅಂತ ಒಂದು ಹೋಟೆಲ್ ಸಿಕ್ಕಿದೆ, ಬಾಡಿಗೆ ಜಾಸ್ತಿ. ಬುಕ್ ಮಾಡಲಾ?
(ಓದುಗರು, ವಿರಾಜಪೇಟೆ)

ಉತ್ತರ: ಆ ಜಾಸ್ತಿ ದುಡ್ಡನ್ನು ಲೇಹ್‌ನಲ್ಲಿ ಹಾಕಬೇಡಿ, ಈ ಕಡೆ ಹಾಕಿ. ಯಾಕೆ ಅಂತ ಹೇಳುತ್ತೇನೆ.

ಏರ್‌ಪೋರ್ಟ್ ಪಕ್ಕದ ರೂಮು ಬೇಕಾಗುವುದು ರಸ್ತೆಯನ್ನು ನಂಬಲಾಗದ ಕಡೆ. ಬೆಂಗಳೂರಿನಲ್ಲಿ ಟ್ರಾಫಿಕ್ ನಂಬಲಾಗದು, ನಮ್ಮ ಕೊಡಗಿನಲ್ಲಿ ಘಾಟಿ ನಂಬಲಾಗದು. ಲೇಹ್‌ನಲ್ಲಿ ಎರಡೂ ಇಲ್ಲ. ಅಲ್ಲಿನ ಏರ್‌ಪೋರ್ಟ್ ಊರಿನ ಬುಡದಲ್ಲೇ ಇದೆ, ಮೇನ್ ಬಜಾರ್‌ನಿಂದ ಟ್ಯಾಕ್ಸಿಯಲ್ಲಿ ಹತ್ತು ಹದಿನೈದು ನಿಮಿಷ, ಅಷ್ಟೇ. ಹಾಗಿರುವಾಗ 'ಏರ್‌ಪೋರ್ಟ್‌ಗೆ 1 ಕಿ.ಮೀ.' ಅನ್ನೋದಕ್ಕೆ ಯಾಕೆ ಜಾಸ್ತಿ ಕೊಡಬೇಕು? ಇಡೀ ಊರೇ ಏರ್‌ಪೋರ್ಟ್ ಪಕ್ಕದಲ್ಲಿದೆ.

ಅಲ್ಲಿ ರೂಮು ಆರಿಸುವಾಗ ನೋಡಬೇಕಾದ್ದು ಬೇರೆಯೇ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಅಂದರೆ ಅದರ ಎರಡು ಪಟ್ಟು ಎತ್ತರದಲ್ಲಿ ನೀವು ವಿಮಾನದಿಂದ ಇಳಿಯುತ್ತೀರಿ. ನಡೆದು ಹತ್ತಿದ್ದರೆ ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಸಿಗುತ್ತಿದ್ದವು, ದೆಹಲಿಯಿಂದ ಒಂದೂಕಾಲು ಗಂಟೆಯಲ್ಲಿ ಹೋದರೆ ಎಲ್ಲಿ ಸಿಗುತ್ತದೆ? ಮೊದಲ ಎರಡು ದಿನ ಬರೀ ವಿಶ್ರಾಂತಿ, ಮಗನೇ ಕರೆದರೂ ಎಲ್ಲೂ ಸುತ್ತಬೇಡಿ. ಹಾಗಾಗಿ ಆ ಎರಡು ದಿನ ಚೆನ್ನಾಗಿ ಕಳೆಯುವಂಥ ರೂಮು ಹುಡುಕಿ. ನೆಲ ಮಹಡಿಯದೇ ಕೇಳಿ. ಅಲ್ಲಿ ಹತ್ತು ಮೆಟ್ಟಿಲು ಹತ್ತಿದರೂ ಮೇಲುಸಿರು ಬರುತ್ತದೆ. ಊಟ ಹೋಟೆಲ್‌ನಲ್ಲೇ ಸಿಗಬೇಕು, ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ರೂಮಿಗೆ ಹೀಟರ್ ಇದೆಯಾ, ಆಮ್ಲಜನಕದ ಸಿಲಿಂಡರ್ ಇಟ್ಟಿದ್ದಾರಾ ಅಂತ ಬುಕ್ ಮಾಡುವ ಮೊದಲೇ ಫೋನ್ ಮಾಡಿ ಕೇಳಿ. ಊರಿನಲ್ಲೇ ಇದ್ದರೆ ಸೋನಮ್ ನೋರ್ಬು ಸ್ಮಾರಕ ಆಸ್ಪತ್ರೆಯೂ ಹತ್ತಿರ. ಯಜಮಾನರಿಗೆ ಬಿಪಿ ಇದೆ ಅಂದಿರಿ. ಹೊರಡುವ ಹದಿನೈದು ದಿನ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, 'ಲೇಹ್‌ಗೆ ವಿಮಾನದಲ್ಲಿ ಹೋಗುತ್ತಿದ್ದೇವೆ' ಅಂತ ಹೇಳಿ, ಮಾತ್ರೆ ಬೇಕಾ ಅಂತ ಕೇಳಿಕೊಂಡೇ ಟಿಕೆಟ್ ಮಾಡಿ. ಇದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಜೋರು, ಬಿಸಿಲಿಗೆ ಗಾಳಿ ಇನ್ನೂ ತೆಳುವಾಗುತ್ತದೆ, ಅದಕ್ಕೇ ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ. ನೀವು ಏಳೆಂಟು ಗಂಟೆಗೆ ಇಳಿದುಬಿಡುತ್ತೀರಿ, ಆದರೆ ಹೋಟೆಲ್‌ನವರು ರೂಮು ಕೊಡುವುದು ಹನ್ನೆರಡಕ್ಕೋ ಒಂದಕ್ಕೋ. ತಲೆ ಭಾರ, ಮಲಗಬೇಕು ಅನಿಸುತ್ತಿರುತ್ತದೆ, ಆ ಹೊತ್ತಿಗೆ ನಾಲ್ಕೈದು ಗಂಟೆ ಸೋಫಾದಲ್ಲಿ ಕೂರುವುದು ಬೇಡ. ಬೆಳಿಗ್ಗೆಯೇ ರೂಮು ಕೊಡುತ್ತೇವೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ, ಅರ್ಧ ದಿನದ ಬಾಡಿಗೆ ಜಾಸ್ತಿ ಕೇಳಿದರೂ ಕೊಡಿ. ಟ್ಯಾಕ್ಸಿಯನ್ನೂ ಅವರೇ ಕಳಿಸುವ ಹಾಗೆ ಮಾತಾಡಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇಳಿದ ಮೇಲೆ ಫೋನ್ ಮಾಡಿದರಾಯಿತು ಅಂದುಕೊಂಡರೆ ಕೈಯಲ್ಲಿ ಫೋನ್ ಇದ್ದೂ ಇಲ್ಲದ ಹಾಗೆ. ಮತ್ತೆ ಮಗನನ್ನು ಒಂದು ಮಾತು ಕೇಳಿ, ಅವನಿಗೆ ಬಂದು ಹೋಗಲು ಊರಿನ ಯಾವ ಭಾಗ ಅನುಕೂಲ ಅಂತ. ನೀವು ಹೋಗುತ್ತಿರುವುದೇ ಅವನಿಗಾಗಿ ಅಲ್ವಾ, ಏರ್‌ಪೋರ್ಟ್‌ಗಿಂತ ಅವನಿಗೆ ಹತ್ತಿರ ಇರುವುದು ಮುಖ್ಯ.

ಈಗ ಈ ಕಡೆಗೆ ಬರುತ್ತೇನೆ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ವಿರಾಜಪೇಟೆಯವರಿಗೆ ಹತ್ತಿರ ಅಂದರೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್, ಮಾಕುಟ್ಟ, ಇರಿಟ್ಟಿ ಮೇಲೆ ಸುಮಾರು 60 ಕಿ.ಮೀ. ಎರಡು ಗಂಟೆಯ ದಾರಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡು ಒಂದು ಜುಲೈನಲ್ಲಿ ಬೆಳಗಿನ ಮೂರೂವರೆಗೆ ಹೊರಟೆ. ಪೆರುಂಬಾಡಿ ದಾಟಿ ಕಾಡಿಗೆ ಇಳಿದ ಮೇಲೆ ಒಂದು ತಿರುವಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಕಂಡಿತು, ಅದು ಅಲುಗಲಿಲ್ಲ. ಇಳಿದು ನೋಡಿದರೆ ರಸ್ತೆಗೆ ಅಡ್ಡ ಮರ, ಬೇರಿನ ಜೊತೆ ಕೆಂಪು ಮಣ್ಣೂ ಎದ್ದು ಬಂದಿದೆ, ಮಳೆ ನೀರು ಅದರ ಸಂದಿನಿಂದ ಹರಿಯುತ್ತಿದೆ. ಜೀಪಿನವರೊಬ್ಬರ ಹತ್ತಿರ ಕತ್ತಿ ಇತ್ತು, ಕೊಂಬೆ ಕಡಿದರು, ಆದರೆ ಕಾಂಡಕ್ಕೆ ಮೆಷಿನ್ನೇ ಬೇಕಿತ್ತು. ಬೆಳಕು ಹರಿದು ಮೆಷಿನ್ ಬಂದು ದಾರಿ ಬಿಡುವ ಹೊತ್ತಿಗೆ ನನ್ನ ವಿಮಾನ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಟಿಕೆಟ್ ದುಡ್ಡು ಹೋಯಿತು. ಹಿಂದಿನ ರಾತ್ರಿ ಏರ್‌ಪೋರ್ಟ್ ಹತ್ತಿರದ ಮಟ್ಟನ್ನೂರಿನಲ್ಲಿ ಮಲಗಿದ್ದರೆ ಅದರಲ್ಲಿ ಎಷ್ಟೋ ಉಳಿಯುತ್ತಿತ್ತು.

ಆ ಮೇಲಿಂದ ನನ್ನ ಲೆಕ್ಕ ಇಷ್ಟೇ: ಘಾಟಿಯನ್ನು ಹಗಲಿನಲ್ಲಿ ಇಳಿಯಬೇಕು. ಸೆಪ್ಟೆಂಬರ್ ಕೊನೆಗೆ ನಮ್ಮಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಆನೆ ಅಂತೂ ಯಾವ ತಿಂಗಳಲ್ಲೂ ಇರುತ್ತದೆ. ಬೆಳಗಿನ ವಿಮಾನ ಆದರೆ ಹಿಂದಿನ ದಿನ ಮಧ್ಯಾಹ್ನದ ಊಟ ಮಾಡಿ ಹೊರಡಿ, ಸಂಜೆಗೆ ಮಟ್ಟನ್ನೂರಿನಲ್ಲಿರಿ. ದೊಡ್ಡ ಹೋಟೆಲ್ ಬೇಕಾಗಿಲ್ಲ, ಶುಚಿಯಾದ ಲಾಡ್ಜ್ ಸಾಕು.

ದೆಹಲಿಯಲ್ಲೂ ಒಂದು ರಾತ್ರಿ ಬೇಕಾಗುತ್ತದೆ, ಲೇಹ್ ವಿಮಾನ ಬೆಳಕು ಹರಿಯುವ ಹೊತ್ತಿಗೇ ಹೊರಡುವುದು ಜಾಸ್ತಿ. ಅಲ್ಲಿ ಮಾತ್ರ ಏರ್‌ಪೋರ್ಟ್ ಹತ್ತಿರದ ರೂಮಿಗೆ ಧಾರಾಳವಾಗಿ ಖರ್ಚು ಮಾಡಿ, ಆದರೆ ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದು ಅಂತ ನೋಡಿಕೊಂಡು.

ವಾಪಸ್ ಬರುವಾಗ ಇನ್ನೊಂದು ಎಚ್ಚರ ಬೇಕು. ಹವಾಮಾನ ಕೆಟ್ಟರೆ ಲೇಹ್ ವಿಮಾನ ಆ ದಿನ ರದ್ದಾಗಬಹುದು. ಅದೇ ದಿನ ದೆಹಲಿಯಿಂದ ಕಣ್ಣೂರಿಗೋ ಬೆಂಗಳೂರಿಗೋ ಬೇರೆ ಟಿಕೆಟ್ ಮಾಡಿಟ್ಟರೆ ಅದೂ ಹೋಗುತ್ತದೆ. ನಡುವೆ ಒಂದು ದಿನ ಬಿಡಿ. ಲೇಹ್ ಹೋಟೆಲ್‌ನವರನ್ನು 'ಬೇಕಾದರೆ ಒಂದು ರಾತ್ರಿ ಮುಂದುವರಿಸಬಹುದಾ' ಅಂತಲೂ ಮೊದಲೇ ಕೇಳಿಟ್ಟಿರಿ.

ಪ್ರಶ್ನೆ: ಅಣ್ಣನ ಮನೆಯವರು ದುಬೈಯಿಂದ ಬರುತ್ತಿದ್ದಾರೆ, ಚಿಕ್ಕ ಮಕ್ಕಳಿದ್ದಾರೆ. ವಿಮಾನ ಕಣ್ಣೂರಿಗೆ ರಾತ್ರಿ ಒಂದಕ್ಕೆ. ನೇರ ಮನೆಗೆ ಕರೆತರುವುದಾ, ಕಣ್ಣೂರಿನಲ್ಲಿ ಉಳಿಸುವುದಾ?
(ಓದುಗರು, ಗೋಣಿಕೊಪ್ಪ)

ಉತ್ತರ: ಉಳಿಸಿ, ಆದರೆ ಕಣ್ಣೂರಿನಲ್ಲಿ ಅಲ್ಲ! ಇಲ್ಲಿ ತುಂಬಾ ಜನ ಎಡವುತ್ತಾರೆ. ಹೆಸರು ಕಣ್ಣೂರು ಏರ್‌ಪೋರ್ಟ್, ಇರುವುದು ಮಟ್ಟನ್ನೂರಿನ ಹತ್ತಿರ. ಕಣ್ಣೂರು ಪೇಟೆ ಅಲ್ಲಿಂದ 25 ಕಿ.ಮೀ.ಗಿಂತ ಜಾಸ್ತಿ, ಅದೂ ಸಮುದ್ರದ ಕಡೆಗೆ, ಅಂದರೆ ಕೊಡಗಿಗೆ ಬೆನ್ನು ಹಾಕಿ ಹೋಗಬೇಕು. ಆ್ಯಪ್‌ನಲ್ಲಿ ಬರೀ 'ಕಣ್ಣೂರು' ಅಂತ ಹುಡುಕಿದರೆ ಬೀಚ್ ಪಕ್ಕದ ಹೋಟೆಲ್‌ಗಳೇ ಮೊದಲು ಬರುತ್ತವೆ. 'ಮಟ್ಟನ್ನೂರು' ಅಂತ ಹುಡುಕಿ, ಇಲ್ಲವೇ ಮನೆ ದಾರಿಯಲ್ಲೇ ಇರುವ ಇರಿಟ್ಟಿ ನೋಡಿ.

ಆ್ಯಪ್ ತೋರಿಸುವ ಕಿಲೋಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದು ಎಷ್ಟೋ ಸಲ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದ ದೂರ. ಮಂಗಳೂರಿನ ಹಾಗೆ ಗುಡ್ಡದ ತಲೆ ಮೇಲೆ ಏರ್‌ಪೋರ್ಟ್ ಇರುವ ಕಡೆ, ಕೆಳಗಿನ ಹೋಟೆಲ್ ನೋಡಲು ಪಕ್ಕದಲ್ಲೇ ಇರುತ್ತದೆ, ಹೋಗಲು ಸುತ್ತಿಕೊಂಡು ಹೋಗಬೇಕು. ಮ್ಯಾಪ್ ತೆರೆದು ಕಾರಿನ ದಾರಿ ಹಾಕಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಿಂದಿನ ದಿನ ರಿಸೆಪ್ಷನ್‌ಗೆ ಫೋನ್ ಮಾಡಿ 'ರಾತ್ರಿ ಎರಡಕ್ಕೆ ಬರುತ್ತೇವೆ, ಬಾಗಿಲು ತೆಗೆಯುವವರು ಯಾರು' ಅಂತ ಕೇಳಿ. ಸಣ್ಣ ಊರುಗಳಲ್ಲಿ ಹತ್ತೂವರೆಗೆ ಶಟರ್ ಎಳೆದು ಮಲಗಿಬಿಡುತ್ತಾರೆ. ಒಂದು ಊರಿನಲ್ಲಿ ನಾನು ಅಂಥ ಶಟರ್ ಬಡಿದು ಬಡಿದು ಕೈ ನೋಯಿಸಿಕೊಂಡಿದ್ದೇನೆ, ಕೊನೆಗೆ ಪಕ್ಕದ ಅಂಗಡಿಯ ಕಾವಲುಗಾರ ಪಾಪ ಎದ್ದು ಬಂದು ಹಿಂದಿನ ಬಾಗಿಲು ತೋರಿಸಿದ. ಮಕ್ಕಳನ್ನು ಎತ್ತಿಕೊಂಡು ಹಾಗೆ ನಿಲ್ಲುವುದು ಬೇಡ. ಬೆಳಿಗ್ಗೆ ಬೆಳಕಾದ ಮೇಲೆ ಹೊರಟರೆ ಮಾಕುಟ್ಟದ ಕಾಡನ್ನು ಮಕ್ಕಳೂ ನೋಡುತ್ತಾರೆ.

ಪ್ರಶ್ನೆ: ಬೆಂಗಳೂರಿನಿಂದ ಬೆಳಿಗ್ಗೆ ಆರಕ್ಕೆ ವಿಮಾನ. ಮೆಜೆಸ್ಟಿಕ್‌ನಲ್ಲಿ ರೂಮು ಮಾಡಿದರೆ ಸಾಕಲ್ವಾ? ಸ್ವಂತ ಕಾರಿದೆ.
(ಓದುಗರು, ಸೋಮವಾರಪೇಟೆ)

ಉತ್ತರ: ಬಸ್ಸಿನಲ್ಲಿ ಬರುವವರಿಗೆ ಮೆಜೆಸ್ಟಿಕ್ ಸರಿ, ರಾತ್ರಿಯೂ ಏರ್‌ಪೋರ್ಟ್ ಬಸ್ಸು ಸಿಗುತ್ತದೆ. ಕಾರಿದ್ದರೆ ಊರೊಳಗೆ ಯಾಕೆ ಹೋಗುತ್ತೀರಿ? ಅಲ್ಲಿಂದ ಏರ್‌ಪೋರ್ಟ್ ಮತ್ತೆ 35 ಕಿ.ಮೀ. ಆಸುಪಾಸು. ನಿಮ್ಮ ಕಡೆಯಿಂದ ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ನೆಲಮಂಗಲಕ್ಕೆ ಬರುತ್ತೀರಿ, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಬಹುದು. ದೇವನಹಳ್ಳಿಯಲ್ಲೇ ರೂಮು ಮಾಡಿ. ಕಾರನ್ನು ನಾಲ್ಕು ದಿನ ಅಲ್ಲೇ ಬಿಡಲು ಒಪ್ಪುವ ಹೋಟೆಲ್ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಹಿಡಿಯಿರಿ, ಏರ್‌ಪೋರ್ಟ್ ಪಾರ್ಕಿಂಗ್ ದುಡ್ಡು ಉಳಿಯುತ್ತದೆ. ಕಾರು ಬಿಡುವುದಕ್ಕೆ ಒಪ್ಪಿದ್ದನ್ನು ಮಾತ್ರ ಬರಹದಲ್ಲಿ ತಗೊಳ್ಳಿ, ಕೀ ಕೊಡುವ ಮೊದಲು ಮೀಟರಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.